ಹೊಳೆ ಕನ್ನಡಿಯಲ್ಲ: ಸಿಸ್ಲಿ ಬಳಿದ ನೀರಿನ ಲೆಕ್ಕ

ಇಂಪ್ರೆಷನಿಸ್ಟ್ ಚಿತ್ರ (ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ಆ ಕ್ಷಣದ ಬೆಳಕನ್ನು ಹಿಡಿಯಲು ಹೊರಟ ಚಿತ್ರಕಾರರದು) ಎಂದರೆ ಮಸುಕು ಮಸುಕಾಗಿ ಬಳಿದದ್ದು ಎಂಬ ಮಾತು ಇನ್ನೂ ಹೋಗಿಲ್ಲ. ಕೆಲವರು ಅದಕ್ಕೊಂದು ವೈದ್ಯಕೀಯ ಕಾರಣವನ್ನೂ ಅಂಟಿಸುತ್ತಾರೆ: ಆ ಗುಂಪಿನ ಚಿತ್ರಕಾರ ಕ್ಲೋಡ್ ಮೊನೆಗೆ ಕಣ್ಣಿನ ಪೊರೆ ಇತ್ತಲ್ಲ, ಅದಕ್ಕೇ ಹಾಗೆ! ಪೊರೆ ಇದ್ದದ್ದು ನಿಜ. ಆದರೆ ಅದು ಪತ್ತೆಯಾದದ್ದು 1912ರಲ್ಲಿ, ಶಸ್ತ್ರಚಿಕಿತ್ಸೆ ಆದದ್ದು 1923ರಲ್ಲಿ. ಇಂಪ್ರೆಷನಿಸ್ಟರ ಮೊದಲ ಗುಂಪು ಪ್ರದರ್ಶನ ಪ್ಯಾರಿಸ್ಸಿನಲ್ಲಿ ನಡೆದದ್ದು 1874ರಲ್ಲಿ. ಲೆಕ್ಕ ಎಲ್ಲಿಂದೆಲ್ಲಿಗೂ ಕೂಡುವುದಿಲ್ಲ.

ಅದೇ ಗುಂಪಿನ ಚಿತ್ರಕಾರ ಆಲ್ಫ್ರೆಡ್ ಸಿಸ್ಲಿ 1872ರಲ್ಲಿ ಬಿಡಿಸಿದ ‘ವಿಲ್‌ನವ್-ಲಾ-ಗರೆನ್‌ನ ಸೇತುವೆ’ಯನ್ನು ನೋಡಿ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, 49.5 × 65.4 ಸೆಂ.ಮೀ., ಕಂಕುಳಲ್ಲಿ ಹಿಡಿದು ಹೊಳೆಯ ದಂಡೆಗೆ ಒಯ್ಯಬಹುದಾದ ಅಳತೆ. ಪ್ಯಾರಿಸ್ಸಿನ ಉತ್ತರಕ್ಕೆ ಸೇನ್ ನದಿಯ ದಂಡೆಯಲ್ಲೊಂದು ಹಳ್ಳಿ, 1844ರಲ್ಲಿ ಕಟ್ಟಿದ ಕಬ್ಬಿಣ ಮತ್ತು ಕಲ್ಲಿನ ತೂಗುಸೇತುವೆ, ಮನೆಗಳು, ದೋಣಿ, ಬಿಸಿಲು. ಇವೆಲ್ಲ ಸರಿ. ನಾನು ನೋಡಿ ಎನ್ನುವುದು ನೀರನ್ನು. ಅಲ್ಲಿರುವುದು ಅಡ್ಡಡ್ಡಲಾಗಿ ಎಳೆದ ಚಪ್ಪಟೆ ಗೀರುಗಳು, ಒಂದರ ಪಕ್ಕ ಒಂದು, ಬೇರೆ ಬೇರೆ ಬಣ್ಣದವು. ಇದನ್ನು ಶೈಲಿ ಎಂದು ಕರೆದು ಮುಂದೆ ಹೋಗುತ್ತಾರೆ. ಇದು ಶೈಲಿಗಿಂತ ಹೆಚ್ಚಾಗಿ ಬೆಳಕಿನ ಶಾಸ್ತ್ರ.

ದಂಡೆಯಲ್ಲಿ ಕೂತವನ ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅವನು 20 ಮೀಟರ್ ಆಚೆಯ ನೀರನ್ನು ನೋಡುವಾಗ ದೃಷ್ಟಿ ನೀರಿನ ಮೇಲ್ಮೈಗೆ ಸುಮಾರು 6 ಡಿಗ್ರಿಯಷ್ಟೇ ಓರೆಯಾಗಿರುತ್ತದೆ. ಅಷ್ಟು ಓರೆಯಲ್ಲಿ ನಿಶ್ಚಲ ನೀರು ತನ್ನ ಮೇಲೆ ಬಿದ್ದ ಬೆಳಕಿನ ಅರ್ಧಕ್ಕಿಂತ ತುಸು ಹೆಚ್ಚನ್ನು ಹಿಂದಿರುಗಿಸುತ್ತದೆ. ಕಾಲಬುಡದ ನೀರನ್ನು 45 ಡಿಗ್ರಿಯಲ್ಲಿ ನೋಡಿದರೆ ನೂರಕ್ಕೆ 3ರಷ್ಟು ಮಾತ್ರ. ಹಾಗಾಗಿ ದೂರದ ನೀರು ಆಕಾಶವನ್ನೂ ಎದುರು ದಂಡೆಯನ್ನೂ ತೋರಿಸುತ್ತದೆ, ಹತ್ತಿರದ ನೀರು ತನ್ನದೇ ಕೆಸರು-ಹಸಿರನ್ನು.

ಈಗ ಗಾಳಿ ಬೀಸಲಿ. ಒಂದು ಕಿರು ಅಲೆಯ ಮುಖ ನಮ್ಮ ಕಡೆಗೆ 5 ಡಿಗ್ರಿ ವಾಲಿದರೆ, ಅದರಿಂದ ಕಣ್ಣಿಗೆ ಬರುವ ಬೆಳಕು ವಾಲದ ನೀರಿನದಕ್ಕಿಂತ 10 ಡಿಗ್ರಿ ಮೇಲಿನಿಂದ ಬಂದದ್ದು. ಕೋನ ಇಮ್ಮಡಿಯಾಗುತ್ತದೆ, ಅದೇ ಇಲ್ಲಿನ ಕೀಲಿಕೈ. 100 ಮೀಟರ್ ಆಚೆ ನಿಂತ 10 ಮೀಟರ್ ಎತ್ತರದ ಮನೆ ನಮ್ಮ ದೃಷ್ಟಿಯಲ್ಲಿ 6 ಡಿಗ್ರಿಯನ್ನೂ ತುಂಬುವುದಿಲ್ಲ. ಆದ್ದರಿಂದ ಆ ಒಂದು ಅಲೆ ಮನೆಯನ್ನು ದಾಟಿ ಆಕಾಶವನ್ನು ತೋರಿಸುತ್ತದೆ: ಗೋಡೆಯ ಬಿಂಬದ ನಟ್ಟನಡುವೆ ಒಂದು ನೀಲಿ ಗೀರು. ಪಕ್ಕದ ಅಲೆ ವಾಲಿಲ್ಲದಿದ್ದರೆ ಅಲ್ಲಿ ಗೋಡೆಯೇ ಕಾಣುತ್ತದೆ.

ಗೀರು ಅಡ್ಡವೇ ಏಕೆ? ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಉತ್ತ ಹೊಲವನ್ನು ನೋಡಿದಾಗ ಸಾಲುಗಳ ತಗ್ಗು ಮರೆಯಾಗಿ ದಿಣ್ಣೆಗಳಷ್ಟೇ ತೆಳು ಅಡ್ಡಗೆರೆಗಳಾಗಿ ಕಾಣುವಂತೆ, ಓರೆಯಲ್ಲಿ ನೋಡಿದ ಅಲೆ ಅದುಮಿದಂತೆ ಸಪೂರವಾಗುತ್ತದೆ. ಜೊತೆಗೆ ಇನ್ನೊಂದು ಸ್ವಾರಸ್ಯ: ಅಲೆ ಎಡಕ್ಕೋ ಬಲಕ್ಕೋ ವಾಲಿದರೆ ಬಿಂಬ ಪಕ್ಕಕ್ಕೆ ಸರಿಯುವುದು ತೀರಾ ಕಡಿಮೆ. 6 ಡಿಗ್ರಿ ಓರೆಯಲ್ಲಿ, ಬಿಂಬ ಮೇಲೆ-ಕೆಳಗೆ ಎಳೆದುಕೊಳ್ಳುವುದರ ಸುಮಾರು ಹತ್ತರಲ್ಲೊಂದು ಪಾಲು. ಹೀಗಾಗಿ ನೆಟ್ಟಗೆ ನಿಂತ ಕಂಬದ ಬಿಂಬ ಅಲುಗಾಡುತ್ತಲೇ ಉಳಿಯುತ್ತದೆ, ಸೇತುವೆಯ ಅಡ್ಡ ಹಲಗೆಯದು ಕಲಸಿ ಹೋಗುತ್ತದೆ. ಕಂಬದ ಬಿಂಬವನ್ನೂ ಹಲಗೆಯ ಬಿಂಬವನ್ನೂ ಒಂದೇ ನಿಖರತೆಯಲ್ಲಿ ತಿದ್ದಿತೀಡುವವರ ಹೊಳೆ ಗಾಜಿನ ಹಾಳೆಯಂತಾಗುವುದು ಇಲ್ಲೇ. ಇನ್ನೊಂದು ಸಾಮಾನ್ಯ ತಪ್ಪು, ಬಿಳಿ ಗೋಡೆಯ ಬಿಂಬವನ್ನೂ ಅಷ್ಟೇ ಬೆಳ್ಳಗೆ ಬಳಿಯುವುದು. ಬೆಳಕಿನ ಒಂದಂಶ ನೀರೊಳಗೆ ಇಳಿದುಹೋಗುವುದರಿಂದ ಬಿಳಿಯ ಬಿಂಬ ಕಂದುತ್ತದೆ. ಕಪ್ಪು ದೋಣಿಯ ಬಿಂಬವಾದರೋ ನೀರಿನ ಹೂಳು ಚೆದುರಿಸಿದ ಬೆಳಕು ಸೇರಿ ದೋಣಿಗಿಂತ ತುಸು ತಿಳಿಯಾಗುತ್ತದೆ.

ದೂರದಿಂದ ನೋಡಿದರೆ ಈ ಗೀರುಗಳು ಕಣ್ಣಿನಲ್ಲಿ ಬೆರೆತುಹೋಗುತ್ತವೆ ಎಂಬುದು ಇನ್ನೊಂದು ಪುಕಾರು. ಬೆರೆಯುವುದಿಲ್ಲ. ಒಳ್ಳೆಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗವನ್ನು ಬಿಡಿಸಿ ನೋಡಬಲ್ಲದು. ಗೀರಿನ ದಪ್ಪ 5 ಮಿ.ಮೀ. ಆದರೆ ಅದು ಕರಗಲು ನೀವು 17 ಮೀಟರ್ ಹಿಂದೆ ಸರಿಯಬೇಕು; ಬಹುಪಾಲು ಮ್ಯೂಸಿಯಂ ಕೋಣೆಗಳಲ್ಲಿ ಅಷ್ಟರಲ್ಲಿ ಬೆನ್ನು ಗೋಡೆಗೆ ತಾಗಿರುತ್ತದೆ. ಬಣ್ಣದ ಚುಕ್ಕೆಗಳಿಂದಲೇ ಇಡೀ ಚಿತ್ರ ಕಟ್ಟುವ ಹಟ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಜಾರ್ಜ್ ಸೂರಾನದು, ಅದು 1880ರ ದಶಕದ ಕಥೆ. ಸಿಸ್ಲಿಯ ಗೀರು ಗೀರಾಗಿಯೇ ಕಾಣಬೇಕು, ಏಕೆಂದರೆ ಹೊಳೆಯಲ್ಲೂ ಅದು ಬಿಡಿಬಿಡಿಯಾಗಿಯೇ ಇತ್ತು.

ಇದನ್ನು ದಂಡೆಯಲ್ಲೇ ಕೂತು ಬಳಿಯಲು ಸಾಧ್ಯವಾದದ್ದರಲ್ಲಿ ಅಮೆರಿಕದ ಜಾನ್ ಗಾಫ್ ರ‍್ಯಾಂಡ್‌ನ ಪಾಲಿದೆ. ಅವನು 1841ರಲ್ಲಿ ಪೇಟೆಂಟ್ ಪಡೆದ ತವರದ ಟ್ಯೂಬ್ ಬರುವ ಮುನ್ನ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಮೊಳೆಯಿಂದ ತೂತು ಮಾಡಿ ಹಿಂಡಿದ ಮೇಲೆ ಸರಿಯಾಗಿ ಮುಚ್ಚಲು ಬರುತ್ತಿರಲಿಲ್ಲ. ಜೊತೆಗೆ ಲೋಹದ ಪಟ್ಟಿಯಿಂದ ಬಿಗಿದ ಚಪ್ಪಟೆ ಕುಂಚ. ಅಲೆಯೊಂದಕ್ಕೆ ಅದರ ಒಂದೇ ಎಳೆತ ಸಾಕು.

ಒಂದೇ ಎಳೆತ, ಎರಡನೆಯದಿಲ್ಲ: ಕೆಲಸದ ಗುಟ್ಟು ಇಷ್ಟೇ. ಕೆಳಗಿನ ಹಳದಿ ಹಸಿಯಿರುವಾಗ ನೀಲಿ ಕುಂಚವನ್ನು ಎರಡು ಸಲ ಆಡಿಸಿದರೆ ಸಿಗುವುದು ಹಸಿರು ರಾಡಿ. ಕುಂಚಕ್ಕೆ ಬಣ್ಣ ಹೆಚ್ಚು ತುಂಬಿಕೊಂಡು, ಒತ್ತಡ ಕಡಿಮೆ ಇಟ್ಟು, ಗೀರಿನ ಕೊನೆಯಲ್ಲಿ ಎತ್ತಿ, ಬಟ್ಟೆಯಲ್ಲಿ ಒರೆಸಿ ಮುಂದಿನದಕ್ಕೆ ಹೋಗಬೇಕು. ಅಂಚು ಚೊಕ್ಕವಾಗಿ ಬೇಕೆಂದರೆ ಕೆಳಪದರ ಒಣಗುವವರೆಗೆ ಕಾಯಬೇಕು. ತೈಲವರ್ಣ ಆವಿಯಾಗಿ ಒಣಗುವುದಿಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ತೆಳುಪದರಕ್ಕೂ ದಿನಗಳೇ ಬೇಕು. ಎಣ್ಣೆ ಹೆಚ್ಚಿದ ಪದರ ಕೆಳಗೂ ಕಡಿಮೆಯದು ಮೇಲೂ ಬಂದರೆ ಮೇಲಿನದು ಮೊದಲು ಬಿಗಿದು ಬಿರುಕು ಬಿಡುತ್ತದೆ.

ಸಂರಕ್ಷಣಾ ತಜ್ಞರು ಬಣ್ಣದ ಚೂರೊಂದನ್ನು ಅಡ್ಡಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಇದೆಲ್ಲ ಬಯಲು: ಪದರಗಳ ಗಡಿ ಕಲಸಿದ್ದರೆ ಹಸಿಯ ಮೇಲೆ ಹಸಿ ಬಳಿದದ್ದು, ಗಡಿ ನೇರವಾಗಿದ್ದರೆ ಒಣಗಿದ ಮೇಲೆ ಮತ್ತೆ ಕೈಯಾಡಿಸಿದ್ದು. ದಂಡೆಯಲ್ಲೇ ಕೂತಿದ್ದರೆಂಬುದಕ್ಕೂ ಕೆಲವೊಮ್ಮೆ ಸಾಕ್ಷಿ ಸಿಗುತ್ತದೆ. ಮೊನೆ 1870ರಲ್ಲಿ ಬಿಡಿಸಿದ ‘ಟ್ರೂವೀಲ್‌ನ ಕಡಲತೀರ’ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಮರಳಿನ ಕಣಗಳು ಹೂತುಕೊಂಡಿವೆ.