ಕನ್ನಡಿ ನೋಡಿ ಬೆಸೆಯುವವರು

ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ನಮ್ಮಲ್ಲಿ ಬೀದಿಗೊಂದು ಇದೆ. ಬೆಸುಗೆ ಸ್ವಲ್ಪ ಗಂಟುಗಂಟಾದರೂ ಚಿಂತೆಯಿಲ್ಲ, ಗ್ರೈಂಡರ್ ಹಿಡಿದು ಉಜ್ಜಿ ಮೇಲೆ ಬಣ್ಣ ಬಳಿದರೆ ಆಯಿತು. ರಾಯಚೂರಿನ ಶಕ್ತಿನಗರದಲ್ಲಿರುವಂಥ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಬಾಯ್ಲರ್‌ನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿನ ಕೊಳವೆಗಳೊಳಗೆ ವಾತಾವರಣದ ನೂರು ಪಟ್ಟಿಗೂ ಜಾಸ್ತಿ ಒತ್ತಡ. ಹಬೆಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಒಂದು ಬೆಸುಗೆಯಲ್ಲಿ ಸಣ್ಣ ತೂತು ಬಿದ್ದರೂ ಸಾಕು, ಅಲ್ಲಿಂದ ಚಿಮ್ಮುವ ಹಬೆ ಪಕ್ಕದ ಕೊಳವೆಯನ್ನೂ ಕೊರೆಯುತ್ತದೆ. ಆಮೇಲೆ ಇಡೀ ಘಟಕವನ್ನೇ ನಿಲ್ಲಿಸಬೇಕು.

ಈ ಕೊಳವೆಗಳನ್ನು ಬೆಸೆಯುವವರು ಐಬಿಆರ್ ವೆಲ್ಡರ್‌ಗಳು. ಅಂದರೆ ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್ ಪ್ರಕಾರ ಪರೀಕ್ಷೆ ಪಾಸಾದವರು. ವೆಲ್ಡರ್‌ಗಳ ಪರೀಕ್ಷೆಗಳಲ್ಲಿ ಹೆಸರುವಾಸಿಯಾದದ್ದು 6ಜಿ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ಪೈಪ್ ತಿರುಗದಿದ್ದರೆ ಮನುಷ್ಯನೇ ತಿರುಗಬೇಕಲ್ವಾ? ಒಂದೇ ಸುತ್ತಿನಲ್ಲಿ ಕೆಳಗಿನಿಂದ, ಪಕ್ಕದಿಂದ, ಮೇಲಿನಿಂದ ಬೆಸೆಯಬೇಕು.

ಕಷ್ಟ ಇರುವುದು ಕೆಳಭಾಗದಲ್ಲಿ. ಕರಗಿದ ಉಕ್ಕು ತಲೆಯ ಮೇಲಿದ್ದರೂ ಬೀಳುವುದಿಲ್ಲ. ನಲ್ಲಿಯ ಬಾಯಲ್ಲಿ ನೇತಾಡುವ ನೀರಿನ ಹನಿಯ ಹಾಗೆ ಅದನ್ನೂ ಮೇಲ್ಮೈ ಎಳೆತ ಹಿಡಿದಿರುತ್ತದೆ. ಆದರೆ ಕರಗಿದ ಮಡು ದೊಡ್ಡದಾದಂತೆ ತೂಕ ಬೇಗ ಏರುತ್ತದೆ, ಹಿಡಿತ ಅಷ್ಟು ಬೇಗ ಏರುವುದಿಲ್ಲ. ಒಂದು ಹಂತದಲ್ಲಿ ಲೋಹ ಜೋತುಬೀಳುತ್ತದೆ. ಜೊತೆಗೆ ಕೆಲಸ ಸಾಗಿದಂತೆ ಕೊಳವೆಯೇ ಬಿಸಿಯಾಗುವುದರಿಂದ, ಶುರುವಿನಲ್ಲಿ ಸರಿಯಿದ್ದ ವೇಗ ಕೊನೆಗೆ ನಿಧಾನ ಅನಿಸುತ್ತದೆ. ಪಳಗಿದ ಕೈ ಅದಕ್ಕೆ ತಕ್ಕಂತೆ ತಾನಾಗೇ ಚುರುಕಾಗುತ್ತದೆ.

ಇಂಥ ಕೊಳವೆಗಳ ಮೊದಲ ಸುತ್ತಿಗೆ ಸಾಮಾನ್ಯವಾಗಿ ಟಿಗ್ ವೆಲ್ಡಿಂಗ್ ಬಳಸುತ್ತಾರೆ. ನಮ್ಮ ವರ್ಕ್‌ಶಾಪ್‌ಗಳಲ್ಲಿ ಇದಕ್ಕೆ ಆರ್ಗನ್ ವೆಲ್ಡಿಂಗ್ ಅನ್ನುವುದೇ ರೂಢಿ. ಟಂಗ್‌ಸ್ಟನ್ ಮೊನೆಯಿಂದ ಹೊಮ್ಮುವ ಆರ್ಕ್, ಅಂದರೆ ವಿದ್ಯುತ್ ಕಿಡಿ, ಲೋಹವನ್ನು ಕರಗಿಸುತ್ತದೆ. ಸುತ್ತ ಹರಿಯುವ ಆರ್ಗನ್ ಅನಿಲ ಅದಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಒಂದು ಕೈಯಲ್ಲಿ ಆ ಮೊನೆಯಿರುವ ಟಾರ್ಚ್, ಇನ್ನೊಂದರಲ್ಲಿ ಕರಗಿ ಬೆಸುಗೆಗೆ ಸೇರುವ ತಂತಿ. ಟಂಗ್‌ಸ್ಟನ್ ಮೊನೆಯನ್ನು ಲೋಹದಿಂದ ಎರಡು ಮೂರು ಮಿಲಿಮೀಟರ್ ದೂರದಲ್ಲೇ ಇಟ್ಟುಕೊಂಡು ಸುತ್ತಬೇಕು. ದೂರವಾದರೆ ಆರ್ಕ್ ಹರಡಿ ಆರ್ಗನ್ ರಕ್ಷಣೆ ತಪ್ಪುತ್ತದೆ. ಹತ್ತಿರವಾಗಿ ತಾಗಿದರೆ ಟಂಗ್‌ಸ್ಟನ್ ಚೂರು ಬೆಸುಗೆಯೊಳಗೆ ಸೇರಿಕೊಳ್ಳುತ್ತದೆ. ಕಪ್ಪು ಗಾಜಿನ ಹಿಂದಿನಿಂದ ಬೆಳಕಿನ ಆ ಚುಕ್ಕಿ, ಅದರ ಸುತ್ತ ಒಂದಿಷ್ಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಕೊಳವೆಗಳು ಒತ್ತೊತ್ತಾಗಿರುವ ಕಡೆ ಹಿಂಬದಿಗೆ ತಲೆ ತೂರುವುದಿಲ್ಲ. ಕೈ ಮಾತ್ರ ಹೇಗೋ ಹೋಗುತ್ತದೆ. ಆಗ ಹಿಂದೆ ಒಂದು ಸಣ್ಣ ಕನ್ನಡಿ ಇಟ್ಟು, ಅದರಲ್ಲಿ ನೋಡುತ್ತಾ ಬೆಸೆಯುತ್ತಾರೆ. ಕೈ ಕನ್ನಡಿಯತ್ತ ಹೋದರೆ ಒಳಗಿನ ಟಾರ್ಚ್ ನಮ್ಮತ್ತ ಬರುತ್ತದೆ. ತಂತಿ ತಿನ್ನಿಸುವ ದಿಕ್ಕೂ ಉಲ್ಟಾ. ಮಿಲಿಮೀಟರ್ ಲೆಕ್ಕದ ಕೆಲಸವನ್ನು ಹೀಗೆ ಮಾಡುವುದೆಂದರೆ ಸುಮ್ನೆ ಮಾತಲ್ಲ. ಶಸ್ತ್ರಚಿಕಿತ್ಸೆ ಮಾಡುವ ಕೈಗೆ ಕೊಡುವ ಮರ್ಯಾದೆಯಲ್ಲಿ ಅರ್ಧವಾದರೂ ಈ ಕೈಗೆ ಸಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಎಕ್ಸ್‌ರೇ. ಫಿಲ್ಮ್‌ನಲ್ಲಿ ಗಾಳಿಗುಳ್ಳೆ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಸಿಕ್ಕಿಕೊಂಡ ಟಂಗ್‌ಸ್ಟನ್ ಉಕ್ಕಿಗಿಂತ ತುಂಬಾ ಸಾಂದ್ರವಾದ್ದರಿಂದ ಬಿಳಿ ಚುಕ್ಕಿ. ಮಿತಿ ಮೀರಿದ ದೋಷ ಕಂಡರೆ ಆ ಜಾಗ ಕೆತ್ತಿ ಮತ್ತೆ ಬೆಸೆಯಬೇಕು.

ಇಷ್ಟೆಲ್ಲ ಮಾಡಿದರೂ ಲೋಹ ಒಮ್ಮೊಮ್ಮೆ ಮಾತು ಕೇಳುವುದಿಲ್ಲ. ಒಂದೇ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್, ಅದೇ ಕರೆಂಟ್. ಆದರೂ ಒಂದು ಪೈಪಿನಲ್ಲಿ ಬೆಸುಗೆ ಆಳಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ ಮೇಲೆಮೇಲೆ ಹರಡುತ್ತದೆ. ಇದರ ಗುಟ್ಟು ಗಂಧಕ ಎಂದು ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿದರು. ಗಂಧಕ ತೀರಾ ಕಡಿಮೆಯಿದ್ದರೆ ಕರಗಿದ ಲೋಹ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಹರಿಯುತ್ತದೆ. ಮಡು ಅಗಲವಾಗುತ್ತದೆ, ಆಳ ಬರುವುದಿಲ್ಲ. ಲಕ್ಷಕ್ಕೆ ಕೆಲವೇ ಭಾಗ ಗಂಧಕ ಹೆಚ್ಚಿದ್ದರೂ ಹರಿವು ತಿರುಗಿ ಅಂಚಿನಿಂದ ನಡುವಿಗೆ ಬರುತ್ತದೆ, ಬಿಸಿ ಲೋಹ ಕೆಳಗೆ ಇಳಿಯುತ್ತದೆ. ಗಂಧಕದ ಲೆಕ್ಕ ವೆಲ್ಡರ್ ಕೈಯಲ್ಲಿ ಇರುವುದಿಲ್ಲ. ಮಡುವಿನ ಆಕಾರ ಬದಲಾದದ್ದು ಕಂಡು, ಅವರು ವೇಗವನ್ನೋ ಟಾರ್ಚಿನ ಓರೆಯನ್ನೋ ಅಲ್ಲೇ ತಿದ್ದಿಕೊಳ್ಳುತ್ತಾರೆ.

ಕೊಳವೆಯ ಸುತ್ತ ತಾನೇ ತಿರುಗಿ ಬೆಸೆಯುವ ಯಂತ್ರಗಳೂ ಇವೆ. ಕಾರ್ಖಾನೆಯಲ್ಲಿ ಅವು ಚೆನ್ನಾಗಿಯೇ ದುಡಿಯುತ್ತವೆ. ಆದರೆ ಆ ಯಂತ್ರ ಕೂರಲು ಕೊಳವೆಯ ಸುತ್ತ ಜಾಗ ಬೇಕು, ಎರಡು ತುದಿಗಳು ನೇರಕ್ಕೆ ನೇರ ಕೂಡಬೇಕು. ಹಳೇ ಬಾಯ್ಲರ್ ರಿಪೇರಿಯಲ್ಲಿ ಇವೆರಡೂ ಸಿಗುವುದು ಅಪರೂಪ. ಹಾಗಾಗಿ ಅಲ್ಲಿ ಈಗಲೂ ಕನ್ನಡಿ ಹಿಡಿದ ವೆಲ್ಡರನ್ನೇ ಕರೆಯುತ್ತಾರೆ.