ಚಾಕ್‌ಪೀಸಿನ ಮೇಲೆ ಹುಳಿ ಬಿದ್ದಾಗ

ಆಮ್ಲ, ಪ್ರತ್ಯಾಮ್ಲ ಪಾಠ ಓದುತ್ತಿರುವವರು ಚಾಕಿನ ಮೇಲೆ ವಿನೆಗರ್ ಸುರಿದು ಕಾರ್ಬನ್ ಡೈಆಕ್ಸೈಡ್ ನೊರೆಯಾಗಿ ಏಳುವುದನ್ನು ನೋಡುವ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಆದರೆ ಕೈಯಲ್ಲಿರುವ ಚಾಕ್‌ಪೀಸ್ ಯಾವುದು ಅಂತ ಮೊದಲು ತಿಳಿಯಬೇಕು. ಪುಸ್ತಕದ ಚಾಕ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಂಗಡಿಯಲ್ಲಿ ಸಿಗುವ ಅಗ್ಗದ ಚಾಕ್‌ಪೀಸ್ ಎಷ್ಟೋ ಸಲ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರಲ್ಲಿ ಕಾರ್ಬೊನೇಟೇ ಇಲ್ಲ. ಬಾಟಲಿಗಟ್ಟಲೆ ವಿನೆಗರ್ ಸುರಿದರೂ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ.

ತಮಾಷೆ ಏನೆಂದರೆ, ಜಿಪ್ಸಂ ಚಾಕ್‌ ಹಾಕಿದಾಗಲೂ ಗುಳ್ಳೆ ಏಳುತ್ತದೆ. ಅದು ಚಾಕಿನ ಸಣ್ಣ ತೂತುಗಳಲ್ಲಿ ಕೂತಿದ್ದ ಗಾಳಿ ಅಷ್ಟೇ. ಆದ್ದರಿಂದ ಒಂದು ತುಂಡನ್ನು ಸುಮ್ನೆ ನೀರಿಗೆ ಹಾಕಿ ನೋಡಿ. ಗಾಳಿಯ ಗುಳ್ಳೆ ಅಲ್ಲೊಂದು ಇಲ್ಲೊಂದು ಕಡೆಯಿಂದ ಸಾಲಾಗಿ ಎದ್ದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಿಜವಾದ ಕ್ರಿಯೆ ಹಾಗಲ್ಲ. ಮೈತುಂಬ ಸಣ್ಣ ನೊರೆ, ಕಿವಿ ಹತ್ತಿರ ಹಿಡಿದರೆ ಚರಚರ ಸದ್ದು, ತುಂಡಿನ ಅಂಚು ಕರಗಿ ಮೊಂಡಾಗುತ್ತದೆ. ಸರಿಯಾದ ಚಾಕ್ ಸಿಗದಿದ್ದರೆ ಮೊಟ್ಟೆ ಚಿಪ್ಪು ತಗೊಳ್ಳಿ. ಅದರಲ್ಲಿ ಸುಮಾರು 95 ಶೇಕಡಾ ಕ್ಯಾಲ್ಸಿಯಂ ಕಾರ್ಬೊನೇಟೇ.

ವಿನೆಗರಿನಲ್ಲಿರುವ ಹುಳಿ ಅಸಿಟಿಕ್ ಆಮ್ಲ. ಸಮೀಕರಣ ಹೀಗೆ:
ಕ್ಯಾಲ್ಸಿಯಂ ಕಾರ್ಬೊನೇಟ್ + ಅಸಿಟಿಕ್ ಆಮ್ಲ → ಕ್ಯಾಲ್ಸಿಯಂ ಅಸಿಟೇಟ್ + ನೀರು + ಕಾರ್ಬನ್ ಡೈಆಕ್ಸೈಡ್

100 ಗ್ರಾಂ ಕಾರ್ಬೊನೇಟಿಗೆ 120 ಗ್ರಾಂ ಅಸಿಟಿಕ್ ಆಮ್ಲ ಬೇಕು. ಅಂದರೆ 1 ಗ್ರಾಂ ಚಾಕಿಗೆ 1.2 ಗ್ರಾಂ. 4 ಶೇಕಡಾ ವಿನೆಗರ್ ಆದರೆ ಸುಮಾರು 30 ಮಿ.ಲೀ. ಒಂದು ಚಮಚ ಹಾಕಿ, ನೊರೆ ನಿಂತ ಮೇಲೆ "ಚಾಕ್ ಕರಗಲೇ ಇಲ್ಲ" ಅನ್ನುವವರು ಈ ಲೆಕ್ಕ ನೋಡಬೇಕು. ಅಲ್ಲಿ ಮುಗಿದದ್ದು ಆಮ್ಲ.

ಈಗ ನನಗೆ ಇಷ್ಟವಾದ ಭಾಗ. ನಿಂಬೆರಸ ವಿನೆಗರಿಗಿಂತ ಜಾಸ್ತಿ ಹುಳಿ, ಅದರ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸು. ಹಾಗಾದರೆ ಚಾಕನ್ನು ಅದೇ ಬೇಗ ಮುಗಿಸಬೇಕು, ಅಲ್ವಾ? ಶುರುವಿನಲ್ಲಿ ಜೋರಾಗಿಯೇ ನೊರೆ ಬರುತ್ತದೆ, ಆಮೇಲೆ ಮಂದವಾಗುವುದುಂಟು. ಕಾರಣ ಹುಟ್ಟುವ ಲವಣದಲ್ಲಿದೆ. ಕ್ಯಾಲ್ಸಿಯಂ ಅಸಿಟೇಟ್ ನೀರಿನಲ್ಲಿ ಚೆನ್ನಾಗಿ ಕರಗಿಹೋಗುತ್ತದೆ. ನಿಂಬೆರಸದ ಸಿಟ್ರಿಕ್ ಆಮ್ಲದಿಂದ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಅಷ್ಟಾಗಿ ಕರಗದು. ಅದು ಚಾಕಿನ ಮೇಲೆಯೇ ಬಿಳಿ ಪೊರೆಯಾಗಿ ಕೂತು ಆಮ್ಲವನ್ನು ಒಳಗೆ ಬಿಡುವುದಿಲ್ಲ. ಹುಣಸೆ ನೀರಿನ ಟಾರ್ಟಾರಿಕ್ ಆಮ್ಲದ ಕಥೆಯೂ ಇದೇ. ಅಮೃತಶಿಲೆಯ ಚೂರಿಗೆ ಸಾರರಿಕ್ತ (ನೀರು ಬೆರೆತ) ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಕ್ರಿಯೆ ಅರ್ಧಕ್ಕೇ ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೂ ಉತ್ತರ ಇದೇ, ಅಲ್ಲಿ ಪೊರೆ ಕಟ್ಟುವುದು ಕ್ಯಾಲ್ಸಿಯಂ ಸಲ್ಫೇಟ್. ಮಜ್ಜಿಗೆ ದುರ್ಬಲ, ಅದರಲ್ಲಿ ನೋಡುವಂಥದ್ದು ಕಡಿಮೆ. ಟಾಯ್ಲೆಟ್ ತೊಳೆಯುವ ಆಸಿಡ್ ತಂಟೆಗೆ ಹೋಗಬೇಡಿ.

ಬಂದ ಅನಿಲ ಕಾರ್ಬನ್ ಡೈಆಕ್ಸೈಡೇ ಎಂದು ತೋರಿಸಲು ವೀಳ್ಯದೆಲೆಗೆ ಹಚ್ಚುವ ಸುಣ್ಣ ಸಾಕು. ನೀರಿನಲ್ಲಿ ಕಲಸಿ ರಾತ್ರಿಯಿಡೀ ಬಿಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ. ಅನಿಲ ಸೇರಿದರೆ ಅದು ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ಅಂದ ಹಾಗೆ, ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರಲ್ಲ, ಅದೂ ಹುಳಿ ತಗ್ಗಿಸುವ ಕೆಲಸವೇ. ಆದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೊರಡುವುದಿಲ್ಲ, ಯಾಕೆಂದರೆ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸುಣ್ಣ ಬಳಿದ ಹಳೇ ಗೋಡೆಯಿಂದ ಉದುರಿದ ಚಕ್ಕೆಗೆ ನಿಂಬೆರಸ ಬಿಡಿ, ಅಲ್ಲಿ ನೊರೆ ಬರುತ್ತದೆ. ಗಾಳಿಯಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹೀರಿ ಆ ಸುಣ್ಣ ಅಷ್ಟರಲ್ಲಿ ಕಾರ್ಬೊನೇಟ್ ಆಗಿರುತ್ತದೆ.