ಜೋಡಿಯಾಗಿ ಐಸ್ ಸ್ಕೇಟಿಂಗ್: ಕೈ ಹಿಡಿಯುವುದರಿಂದ ಡಚ್ ವಾಲ್ಟ್ಸ್‌ವರೆಗೆ

ಐಸ್ ಡಾನ್ಸ್‌ನಲ್ಲಿ ಜೋಡಿಗಳು ಆರಂಭದಲ್ಲೇ ಕಲಿಯುವ ನೃತ್ಯ ಡಚ್ ವಾಲ್ಟ್ಸ್. ಜಾರ್ಜ್ ಮುಲ್ಲರ್ ಇದನ್ನು ಹೆಣೆದರು. 1948ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಮೊದಲು ಪ್ರದರ್ಶನವಾಯಿತು. ಹಿಮ್ಮುಖ ಚಲನೆ ಇಲ್ಲ, ಮುಂದಿನಿಂದ ಹಿಂದಕ್ಕೆ ತಿರುಗುವುದೂ ಇಲ್ಲ, ಇಬ್ಬರ ಹೆಜ್ಜೆಯೂ ಒಂದೇ. ಆದರೂ ಒಬ್ಬರೇ ಚೆನ್ನಾಗಿ ಆಡುವವರು ಜೋಡಿ ಸೇರಿದ ಕೂಡಲೇ ತಡವರಿಸುತ್ತಾರೆ. ಕಾರಣ ಹೆಚ್ಚಾಗಿ ಮಂಡಿಯಲ್ಲಿ, ಇಲ್ಲವೇ ಇಬ್ಬರ ನಡುವಿನ ಅಂತರದಲ್ಲಿ ಇರುತ್ತದೆ.

ಸಂಗೀತದ ವೇಗ ನಿಮಿಷಕ್ಕೆ 138 ತಾಳ. ಇದರಲ್ಲಿ ಬರುವ ಸ್ವಿಂಗ್ ರೋಲ್‌ಗೆ (ಇನ್ನೊಂದು ಕಾಲನ್ನು ಹಿಂದಿನಿಂದ ಮುಂದಕ್ಕೆ ಬೀಸುವ ಹೆಜ್ಜೆ) 6 ಎಣಿಕೆ, ಅಂದರೆ ಸುಮಾರು 2.6 ಸೆಕೆಂಡ್ ಒಂದೇ ಕಾಲಿನ ಮೇಲೆ ಬಾಗುತ್ತಾ ಜಾರಬೇಕು. ಹಾಗಾಗಿ ಕೈ ಹಿಡಿಯುವ ಮೊದಲು ಇಬ್ಬರೂ ಬೇರೆಬೇರೆಯಾಗಿ, ಒಂದಾದ ಮೇಲೊಂದು ಎರಡೂ ಕಾಲಿನಲ್ಲಿ, ಹೊರ ಎಡ್ಜ್ (ಬ್ಲೇಡಿನ ಹೊರಬದಿಯ ಅಂಚು) ಮೇಲೆ 3 ಸೆಕೆಂಡ್ ಅಲುಗಾಡದೆ ಜಾರಬಲ್ಲರೇ ನೋಡಿಕೊಳ್ಳಿ. ಒಬ್ಬರಿಗೆ ಆಗದಿದ್ದರೂ ಜೋಡಿ ಅಭ್ಯಾಸ ಮುಂದಕ್ಕೆ ಹಾಕುವುದೇ ಸರಿ. ವಾಲುವವರು ಪಕ್ಕದವರ ಕೈಯನ್ನು ಕಟಕಟೆಯಂತೆ ಒತ್ತಿ ಹಿಡಿಯುತ್ತಾರೆ, ಆ ಭಾರಕ್ಕೆ ಇಬ್ಬರೂ ಬೀಳುತ್ತಾರೆ.

ಮೊದಲ ದಿನ ಪಕ್ಕಪಕ್ಕ ನಿಂತು ಬರೀ ಕೈ ಹಿಡಿದರೆ ಸಾಕು. ಬೆರಳಿಗೆ ಬೆರಳು ಹೆಣೆಯಬೇಡಿ, ಅಂಗೈ ಮೇಲೆ ಅಂಗೈ ಇಡಿ. ಬೀಳುವಾಗ ಹೆಣೆದ ಬೆರಳು ಬಿಡಿಸಿಕೊಳ್ಳದೆ ತಿರುಚುತ್ತದೆ. ಎರಡು ಕಾಲಿನಲ್ಲಿ ಒಂದು ಸುತ್ತು ಜಾರಿ. ಆಮೇಲೆ ಒಬ್ಬರು ಜೋರಾಗಿ ಎಣಿಸುತ್ತಾ ಎಡ, ಬಲ ಎಂದು ಸ್ಟ್ರೋಕ್ ಹಾಕಿ, ಅಂದರೆ ಒಂದು ಕಾಲಿನಿಂದ ತಳ್ಳಿ ಇನ್ನೊಂದರ ಮೇಲೆ ಜಾರಿ. ಕಡಿಮೆ ಮಂಡಿ ಮಡಿಸುವವರ ಆಳಕ್ಕೇ ಇನ್ನೊಬ್ಬರೂ ಹೊಂದಿಕೊಳ್ಳಲಿ. ಒಬ್ಬರು ಏಳುವಾಗ ಇನ್ನೊಬ್ಬರು ಕುಗ್ಗಿದರೆ ಭುಜಗಳು ಏತದಂತೆ ಏರಿಳಿಯುತ್ತವೆ, ಹಿಡಿದ ಕೈ ಎಳೆದಾಡುತ್ತದೆ. ತಳ್ಳುವುದು ಬ್ಲೇಡಿನ ಒಳ ಎಡ್ಜ್‌ನಿಂದ ಪಕ್ಕಕ್ಕೆ. ಟೋ ಪಿಕ್‌ನಿಂದ (ಬ್ಲೇಡಿನ ಮುಂತುದಿಯ ಹಲ್ಲು) ಹಿಂದಕ್ಕೆ ತಳ್ಳಿದರೆ ಕರಕರ ಸದ್ದು ಬರುತ್ತದೆ, ಜೊತೆಗೆ ಮೇಲೆದ್ದ ಬ್ಲೇಡ್ ಪಕ್ಕದವರ ಮೀನಖಂಡಕ್ಕೆ ತಗಲುವ ಭಯ.

ಇದು ಕೂಡಿಬಂದ ಮೇಲೆ ಡಚ್ ವಾಲ್ಟ್ಸ್‌ಗೆ ಬೇಕಾದ ಹಿಡಿತ, ಕಿಲಿಯನ್ ಹೋಲ್ಡ್. ಇಬ್ಬರೂ ಮುಂದಕ್ಕೇ ಮುಖ ಮಾಡಿರುತ್ತಾರೆ. ಎಡಗಡೆಯವರ ಬಲ ಭುಜ, ಬಲಗಡೆಯವರ ಎಡ ಭುಜದ ಹಿಂದೆ ಕೂರುತ್ತದೆ. ಎಡಗಡೆಯವರ ಬಲಗೈ ಬೆನ್ನ ಹಿಂದಿನಿಂದ ಹೋಗಿ, ಬಲಗಡೆಯವರ ಸೊಂಟದ ಬಲಬದಿಯಲ್ಲಿ ಅವರ ಬಲಗೈಯನ್ನು ಹಿಡಿಯುತ್ತದೆ. ಬಲಗಡೆಯವರ ಎಡಗೈ ಜೊತೆಯವರ ಎದೆಯ ಮುಂದೆ ಚಾಚಿ ಅವರ ಎಡಗೈ ಸೇರುತ್ತದೆ. ಸೊಂಟಗಳು ಹತ್ತಿರವಿರಬೇಕು. ಹೊಸಬರು ಬ್ಲೇಡ್ ತಾಕೀತೆಂದು ಹೆದರಿ ದೂರ ಸರಿಯುತ್ತಾರೆ. ಆದರೆ ದೂರವಾದಾಗಲೇ ಕಾಲುಗಳು ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತವೆ. ಪಾದ ನೋಡಿಕೊಂಡರೂ ಅಷ್ಟೇ: ತಲೆ ತಗ್ಗಿದರೆ ಸೊಂಟ ಹಿಂದೆ ಹೋಗುತ್ತದೆ, ಹೋಲ್ಡ್ ಬಿಚ್ಚಿಕೊಳ್ಳುತ್ತದೆ.

ತಿರುವಿನ ಲೆಕ್ಕ ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ, ಐಸ್ ಮೇಲೆ ಬಹಳ ಸಹಾಯವಾಗುತ್ತದೆ. ಇಬ್ಬರ ನಡುವೆ ಅರ್ಧ ಮೀಟರ್ ಅಂತರವಿದ್ದರೆ, ಅರ್ಧ ವೃತ್ತದಲ್ಲಿ ಹೊರಗಿನವರು ಸುಮಾರು 1.6 ಮೀಟರ್ ಹೆಚ್ಚು ಸಾಗಬೇಕು (3.14 × 0.5). ವೃತ್ತ ಚಿಕ್ಕದಿರಲಿ, ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ಅಂತರ ಕಾಲು ಮೀಟರಿಗೆ ಇಳಿದರೆ ಅದೂ ಅರ್ಧಕ್ಕಿಳಿಯುತ್ತದೆ. ಹತ್ತಿರ ಇರಿ ಎಂದು ಕೋಚ್‌ಗಳು ಮತ್ತೆ ಮತ್ತೆ ಹೇಳುವುದರ ಹಿಂದೆ ಇದೂ ಇದೆ. ಅಪ್ರದಕ್ಷಿಣವಾಗಿ ಸುತ್ತುವಾಗ ಬಲಗಡೆಯವರೇ ಹೊರಗಿನವರು. ಎಡಗಡೆಯವರು ಆಗ ಮೆತ್ತಗೆ ತಳ್ಳಿ ಕಾಯಬೇಕು. ಅವರು ಮುಂದೆ ನುಗ್ಗಿದರೆ ಸೊಂಟದ ಬಳಿಯ ಕೈ ಸೆಳೆದು ಜೋಡಿ ಓರೆಯಾಗುತ್ತದೆ. ಬಲ ಹೊರ ಎಡ್ಜ್‌ನಲ್ಲಿ ಬಲಕ್ಕೆ ಬಾಗಿದಾಗ ಪಾತ್ರ ಅದಲುಬದಲಾಗುತ್ತದೆ, ಹೆಚ್ಚು ಮರೆಯುವುದು ಇದನ್ನೇ.

ನಿಲ್ಲುವಾಗ ಇಬ್ಬರೂ ಸ್ನೋಪ್ಲೋವನ್ನೇ (ಪಾದದ ತುದಿ ಒಳಕ್ಕೆ ತಿರುಗಿಸಿ ಬ್ಲೇಡನ್ನು ಹೊರಕ್ಕೆ ಒತ್ತಿ ನಿಲ್ಲುವುದು) ಬಳಸಿ. ಟಿ-ಸ್ಟಾಪ್‌ನಲ್ಲಿ (ಒಂದು ಪಾದದ ಹಿಂದೆ ಇನ್ನೊಂದನ್ನು T ಆಕಾರದಲ್ಲಿ ಇಟ್ಟು ನಿಲ್ಲುವುದು) ಅಡ್ಡ ಎಳೆಯುವ ಬ್ಲೇಡ್ ಪಕ್ಕದವರ ಕಾಲಿಗೆ ಸಿಕ್ಕುತ್ತದೆ. ಗ್ಲೌಸ್ ಕಡ್ಡಾಯ. ಆಯ ತಪ್ಪಿದವರು "ಬಿಡು" ಎಂದು ಕೂಗಬೇಕು, ಕೇಳಿದವರು ತಕ್ಷಣ ಕೈಬಿಟ್ಟು ಆಚೆಗೆ ಬಾಗಬೇಕು. ಹಿಡಿದು ಉಳಿಸಲು ಹೋದರೆ ಒಬ್ಬರ ಮೇಲೊಬ್ಬರು ಬೀಳುತ್ತೀರಿ. ಬಿದ್ದವರು ಬೆರಳು ಮಡಚಿ ಮುಷ್ಟಿ ಕಟ್ಟಲಿ. ಎದ್ದ ಮೇಲೆ ಮೈ ಬಿಗಿಯಾಗಿರುತ್ತದೆ, ಆದ್ದರಿಂದ ಮತ್ತೆ ಕಿಲಿಯನ್‌ಗೆ ಹೋಗುವ ಮುಂಚೆ ಒಂದು ಸುತ್ತು ಬರೀ ಕೈ ಹಿಡಿದು ಜಾರಿ.